ಗಾಜಿನ ಸರಳು ಜಾರಿದ ವರ್ಷ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಎಸ್ಟೇಟಿನ ರೈಟರು. ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿನಲ್ಲಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, ಅಪ್ಪನ ಹೆಸರು ಕೂಗಿ ಪುಸ್ತಕದಿಂದ ತಲೆಯೆತ್ತದೆ ಹೇಳಿದ್ದರು: "ಮಂಜಯ್ಯ, ಮಗಳನ್ನ ಇಂಜಿನಿಯರಿಂಗಿಗೆ ಹಾಕಿದ್ಯಂತೆ. ಸೇರ್ಸೋದು ಯಾರು ಬೇಕಾದ್ರೂ ಸೇರಿಸ್ಬಹುದು ಮಾರಾಯ. ಮುಗ್ಸೋದು ಲೈನ್ ಮನೆಯವ್ರ ಕೈಲಿ ಆಗೋದಲ್ಲ."

ಅವರು ಕೆಟ್ಟವರಲ್ಲ. ಕೊಯ್ಲಿನ ಕಾಲದಲ್ಲಿ ಅಮ್ಮನಿಗೆ ಜ್ವರ ಬಂದಾಗ ತಮ್ಮ ಮನೆಯಿಂದ ಮಾತ್ರೆ ಕಳಿಸಿಕೊಟ್ಟವರು. ಅವರಿಗೆ ಗೊತ್ತಿದ್ದ ಲೋಕದಲ್ಲಿ ಅಂಥದ್ದು ನಡೆದಿರಲಿಲ್ಲ, ಅಷ್ಟೆ. ಮಲ್ಲಂದೂರಿನಿಂದ ಒಳಗೆ ಇದ್ದ ನಮ್ಮ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಅಪ್ಪ ಆ ಮಾತು ಕೇಳಿಸಿಕೊಂಡು ನೇರ ಕಾಫಿ ಹಣ್ಣು ಸುಲಿಯುವ ಪಲ್ಪರ್ ಹೌಸಿಗೆ ಹೋಗಿ ಬೀಗ ತೆಗೆದು ಕೆಲಸ ಶುರು ಮಾಡಿದನಂತೆ. ಇದನ್ನೆಲ್ಲ ಅಮ್ಮ ನನಗೆ ಹೇಳಿದ್ದು.

ಕಳೆದ ಡಿಸೆಂಬರಿನಲ್ಲಿ ಕಚೇರಿಯ ಕೆಲಸದ ಮೇಲೆ ಮೂಡಿಗೆರೆ ಕಡೆಯ ಒಂದು ಸಣ್ಣ ಸೇತುವೆ ನೋಡಲು ಹೋಗಿದ್ದೆ. ಜೀಪಿನಿಂದ ಇಳಿಯುವಾಗ ಹಳ್ಳದ ಮೇಲಿನಿಂದ ಪಲ್ಪರ್ ನೀರಿನ ವಾಸನೆ ಬಂತು. ಕಾಫಿ ಹಣ್ಣಿನ ಸಿಪ್ಪೆ ಕೊಳೆತು ಹುಳಿಯಾದ ವಾಸನೆ. ಜೊತೆಗೆ ಬಂದಿದ್ದವರು ಕರ್ಚೀಫು ಮೂಗಿಗೆ ಹಿಡಿದರು. ನಾನು ಸೇತುವೆಯ ಕಂಬಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ನಮ್ಮ ಮನೆಯ ಬಟ್ಟೆಗೆ, ಹಾಸಿಗೆಗೆ, ನನ್ನ ನೋಟ್‌ಬುಕ್ಕುಗಳಿಗೆ ವರ್ಷದ ಮೂರು ತಿಂಗಳು ಆ ವಾಸನೆ ಇರುತ್ತಿತ್ತು. ಕಾಲೇಜಿನಲ್ಲಿ ಪಕ್ಕ ಕೂತವರು ಸ್ವಲ್ಪ ಸರಿದು ಕೂರುತ್ತಿದ್ದರು. ಆ ನಾಲ್ಕು ವರ್ಷದಲ್ಲಿ ಕೊನೆಯ ವರ್ಷದ ಪಲ್ಪಿಂಗ್ ಕಾಲವೊಂದನ್ನು ಮಾತ್ರ ನಾನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಕುದುರೆಮುಖದ ಗಣಿ ಮುಚ್ಚುತ್ತದಂತೆ ಎಂಬ ಮಾತು ಬಸ್ಸಿನಲ್ಲೆಲ್ಲ ಕೇಳುತ್ತಿದ್ದ ಕಾಲ ಅದು. ನಾನು ದಿನವೂ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿದ್ದೆ. ಆ ಎರಡು ಬಸ್ಸು ಬಿಟ್ಟರೆ ಬೇರೆ ಇರಲಿಲ್ಲ. ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕು. ನಮ್ಮ ಗೈಡ್ ಸರ್, ಗಾಜಿನ ನಾರನ್ನು ಅಂಟಿನಲ್ಲಿ ಎಳೆದು ಮಾಡಿದ ಸರಳುಗಳಿವೆ, ಅವು ತುಕ್ಕು ಹಿಡಿಯುವುದಿಲ್ಲ, ಕಾಂಕ್ರೀಟಿನಲ್ಲಿ ಕಬ್ಬಿಣದ ಬದಲು ಹಾಕಬಹುದೇ ಎಂದು ಯಾರಾದರೂ ನೋಡುತ್ತೀರಾ ಎಂದು ಕೇಳಿದಾಗ ನಾನು ಕೂತಲ್ಲಿಂದ ಎದ್ದು ನಿಂತಿದ್ದೆ.

ಎದ್ದು ನಿಂತದ್ದಕ್ಕೆ ಕಾರಣ ಅಪ್ಪನ ಕಾಲು. ನಾನು ಪಿಯುಸಿ ಓದುವಾಗ ಪಲ್ಪರ್ ಹೌಸಿನ ಹಿಂದೆ ಹುಳಿನೀರು ನಿಲ್ಲುವ ಗುಂಡಿಯ ಮೇಲಿನ ಚಪ್ಪಡಿ ಮುರಿದು ಅಪ್ಪ ಸೊಂಟದವರೆಗೆ ಒಳಗೆ ಹೋಗಿದ್ದ. ಮುರಿದ ತುಂಡು ಎತ್ತಿ ನೋಡಿದರೆ ಒಳಗಿನ ಕಬ್ಬಿಣ ಪದರು ಪದರಾಗಿ ಎದ್ದು ಕೈಯಲ್ಲಿ ಪುಡಿಯಾಗುತ್ತಿತ್ತು. ಆ ನೀರು ಅಷ್ಟು ಹುಳಿ. ಅಪ್ಪನ ಬಲಪಾದ ಆಮೇಲೆ ಸರಿಯಾಗಲೇ ಇಲ್ಲ. ತಿಂಗಳಿಗೊಮ್ಮೆ ಪೇಟೆಯ ಆಸ್ಪತ್ರೆಗೆ ಹೋಗಿ ಗಾಯ ಕಟ್ಟಿಸಿಕೊಂಡು ಬರಬೇಕಿತ್ತು. ತುಕ್ಕು ಹಿಡಿಯದ ಸರಳು ಎಂದ ಕೂಡಲೆ ನನಗೆ ಕಂಡದ್ದು ಆ ಗುಂಡಿ.

ಆದರೆ ತುಕ್ಕು ಹಿಡಿಯದಿದ್ದರೆ ಸಾಲದು. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ನಿಲ್ಲುವುದು ಅದರ ಮೈಮೇಲಿನ ಉಬ್ಬು ಗೆರೆಗಳಿಂದ. ಎಳೆದರೂ ಬಿಡದ ಹಾಗೆ ಕಾಂಕ್ರೀಟು ಅದನ್ನು ಹಿಡಿದುಕೊಳ್ಳುತ್ತದೆ. ಗಾಜಿನ ಸರಳಿನ ಮೈ ಬಳೆಯ ಹಾಗೆ ನುಣುಪು. ಎಷ್ಟು ಗಟ್ಟಿಯಿದ್ದರೇನು, ಭಾರ ಬಿದ್ದಾಗ ಒಳಗೊಳಗೇ ಜಾರಿಕೊಂಡರೆ ಚಪ್ಪಡಿಗೆ ಅದು ಇದ್ದೂ ಇಲ್ಲದ ಹಾಗೆ. ಅದರ ಮೈಗೆ ಅಂಟು ಸವರಿ ಮರಳು ಉದುರಿಸಿದರೆ ಹಿಡಿತ ಬರುತ್ತದೆಯೇ, ಬಂದರೆ ಎಷ್ಟು ಬರುತ್ತದೆ ಎಂದು ನೋಡುವುದೇ ನನ್ನ ಪ್ರಾಜೆಕ್ಟ್. ಸರ್ ಯಾರನ್ನೋ ಕೇಳಿ ಆರು ತುಂಡು ಸರಳು ತರಿಸಿಕೊಟ್ಟರು. ಏಳನೆಯದು ಸಿಗುವುದಿಲ್ಲ ಎಂದು ಮೊದಲೇ ಹೇಳಿದರು. ಮೂರು ಹಾಗೇ ನುಣುಪಾಗಿರಬೇಕು, ಮೂರಕ್ಕೆ ಮರಳು.

ಮರಳು ಅಂಟಿಸುವ ಕೆಲಸ ನಾನು ಎಸ್ಟೇಟಿನಲ್ಲೇ ಮಾಡಿದೆ. ಕಾಲೇಜಿನ ಲ್ಯಾಬಿನಲ್ಲಿ ಇಟ್ಟರೆ ಯಾರಾದರೂ ಮುಟ್ಟುತ್ತಾರೆ ಎಂಬ ಭಯ. ಲೈನ್ ಮನೆಯ ಒಂದೇ ಕೋಣೆಯಲ್ಲಿ ಒಲೆಯ ಹೊಗೆ. ಪಲ್ಪರ್ ಹೌಸಿಗೆ ಬೀಗವಿತ್ತು, ಬೀಗದ ಕೈ ಅಪ್ಪನ ಹತ್ತಿರವಿತ್ತು. ಹಳ್ಳದ ಮರಳು ತಂದು, ಜರಡಿ ಹಿಡಿದು, ಒಂದು ಭಾನುವಾರ ಬೆಳಿಗ್ಗೆ ಮೂರು ಸರಳಿಗೂ ಗೇಣುದ್ದ ಅಂಟು ಸವರಿ ಮರಳಿನಲ್ಲಿ ಹೊರಳಿಸಿದೆ. ಕೆಂಪು ದಾರ ಕಟ್ಟಿದ್ದು ಮರಳಿನದು, ಬಿಳಿ ದಾರದ್ದು ನುಣುಪಿನದು ಎಂದು ಗುರುತು ಮಾಡಿ, ಅಪ್ಪನ ಸಾಮಾನಿನ ಹಲಗೆಯ ಮೇಲೆ ನಿಲ್ಲಿಸಿ ಬಂದೆ. ಎರಡು ದಿನಕ್ಕೆ ನನ್ನ ಮೈಮೇಲೆ ಸೀತಾಳ ಸಿಡುಬು ಎದ್ದಿತು. ಜ್ವರ, ಮೈತುಂಬ ನೀರುಗುಳ್ಳೆ. ಬೇವಿನ ಸೊಪ್ಪಿನ ಮೇಲೆ ಮಲಗಿದವಳು ಹನ್ನೆರಡು ದಿನ ಹೊಸಿಲು ದಾಟಲಿಲ್ಲ.

ಕಾಂಕ್ರೀಟು ಹಾಕುವುದನ್ನು ಮುಂದಕ್ಕೆ ಹಾಕುವ ಹಾಗಿರಲಿಲ್ಲ. ಹಾಕಿದ ಮೇಲೆ ಇಪ್ಪತ್ತೆಂಟು ದಿನ ನೀರಿನಲ್ಲಿಡಬೇಕು. ಆ ವಾರ ಅಪ್ಪ ಆಸ್ಪತ್ರೆಗೆ ಹೋಗುವವನಿದ್ದ. ಸರಳು ತೆಗೆದುಕೊಂಡು ಹೋಗಿ ಕಾಲೇಜಿನಲ್ಲಿ ಪ್ರದೀಪನ ಕೈಗೆ ಕೊಡು ಎಂದು ಮಲಗಿದಲ್ಲಿಂದಲೇ ಹೇಳಿದೆ. ಪ್ರದೀಪ ನನ್ನ ಜೊತೆ ಆ ಪ್ರಾಜೆಕ್ಟಿನಲ್ಲಿದ್ದವನು. ಅಪ್ಪ ಒಯ್ದು ಕೊಟ್ಟ. ಪ್ರದೀಪ ದಾರದ ಬಣ್ಣ ನೋಡಿ ಅಚ್ಚಿನಲ್ಲಿ ನಿಲ್ಲಿಸಿ, ಕಾಂಕ್ರೀಟು ತುಂಬಿ, ಎಲ್ಲ ಚೆನ್ನಾಗಾಯಿತು ಎಂದು ಚೀಟಿ ಬರೆದು ಕಳಿಸಿದ. ನಾನು ದೇವರಿಗೆ ಕೈಮುಗಿದೆ.

ಫೆಬ್ರವರಿಯಲ್ಲಿ ಎಳೆದು ನೋಡಿದೆವು. ಅಚ್ಚಿನಿಂದ ತೆಗೆದ ಕಾಂಕ್ರೀಟಿನ ಗಟ್ಟಿಯನ್ನು ಯಂತ್ರ ಒಂದು ಕಡೆ ಹಿಡಿದುಕೊಳ್ಳುತ್ತದೆ, ಹೊರಗೆ ಚಾಚಿದ ಸರಳನ್ನು ಇನ್ನೊಂದು ಕಡೆಯಿಂದ ಎಳೆಯುತ್ತದೆ. ಭಾರ ತೋರಿಸುವ ಮುಳ್ಳು ಮೇಲೇರುತ್ತ ಹೋಗುತ್ತದೆ. ನುಣುಪಿನವು ಬೇಗ ಜಾರಿದವು, ಅದು ಗೊತ್ತಿದ್ದದ್ದೇ. ಕೆಂಪು ದಾರದ ಮೊದಲನೆಯದು ಅದಕ್ಕಿಂತ ಬೇಗ ಜಾರಿತು. ಎರಡನೆಯದೂ ಹಾಗೇ. ಮೂರನೆಯದನ್ನು ಎಳೆಯುವಾಗ ಸದ್ದೂ ಬರಲಿಲ್ಲ, ಬೆಣ್ಣೆಯಿಂದ ಕಡ್ಡಿ ತೆಗೆದ ಹಾಗೆ ಬಂತು. ಸರ್ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು. ಮರಳಿನಿಂದ ಪ್ರಯೋಜನವಿಲ್ಲ ಅಂತ ಬರೀಬೇಕಾಗ್ತದೆ, ಆದರೆ ಯಾರೂ ನಂಬೋದಿಲ್ಲ ಎಂದರು. ಪ್ರಾಜೆಕ್ಟ್ ಒಪ್ಪದಿದ್ದರೆ ಇನ್ನೊಂದು ವರ್ಷ. ಆ ಇನ್ನೊಂದು ವರ್ಷ ನನಗೆ ಇಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನ ಕಾಲು ಹಾಗಿರುವಾಗ ಮೇ ತಿಂಗಳ ಆಚೆ ನಾನೂ ಅಮ್ಮನ ಜೊತೆ ತೋಟಕ್ಕಿಳಿಯುವುದು, ಇಲ್ಲವೇ ಇಂಜಿನಿಯರ್ ಎಂದು ಕೆಲಸಕ್ಕೆ ಸೇರುವುದು. ಮೂರನೆಯ ದಾರಿ ಇರಲಿಲ್ಲ.

ಕಿತ್ತು ಬಂದ ಒಂದು ಸರಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಜಗಲಿಯ ಬೆಳಕಿನಲ್ಲಿ ಹಿಡಿದು ನೋಡಿದರೆ, ಮರಳಿರಬೇಕಾದ ಕಡೆ ಉದ್ದುದ್ದಕ್ಕೆ ಸಣ್ಣ ಗೀರುಗಳು. ಒಂದೊಂದು ಗೀರಿನ ಸಂದಿಯಲ್ಲಿ ಒಂದೆರಡು ಕಾಳು ಮರಳು. ಅಮ್ಮ ಸೌದೆ ಹೊತ್ತುಕೊಂಡು ಬಂದವಳು ಕೆಳಗಿಳಿಸಿ ಹತ್ತಿರ ಬಂದು ನೋಡಿದಳು.

"ಇದು ಅವತ್ತು ಅಪ್ಪ ಉಜ್ಜಿದ್ದಲ್ವನೆ? ಕೆರೆದು ತೊಳೆದು ಒರೆಸ್ತಾ ಪೂರಾ ಒಂದು ದಿನ ಕೂತಿದ್ರು. ಊಟಕ್ಕೂ ಬರ್ಲಿಲ್ಲ. ಕಾಲೇಜಿಗೆ ಹೋಗೋ ಸಾಮಾನು, ಹೀಗೆ ಕೊಳೆ ಇಟ್ಕೊಂಡು ಕೊಟ್ರೆ ಮಗಳಿಗೆ ಮರ್ಯಾದೆಯಾ ಅಂದ್ರು."

ಪಲ್ಪರಿನವರ ಕೈ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಇದು ಹುಚ್ಚು ಎನ್ನಿಸಬಹುದು. ಹಣ್ಣನ್ನು ಸುಲಿಯುವ ಯಂತ್ರದೊಳಗೆ ಉಬ್ಬುಗಳಿರುವ ತಾಮ್ರದ ತಗಡು ಇರುತ್ತದೆ. ಹಣ್ಣಿನ ಜೊತೆ ಒಂದು ಕಲ್ಲು, ಒಂದು ಹಿಡಿ ಮರಳು ಹೋದರೆ ತಗಡು ನೆಗ್ಗುತ್ತದೆ, ಬೀಜ ಒಡೆಯುತ್ತದೆ, ಬೈಗುಳ ತಪ್ಪದು. ಅಪ್ಪ ಇಪ್ಪತ್ತು ವರ್ಷ ದಿನವೂ ಕೆಲಸ ಮುಗಿದ ಮೇಲೆ ತಗಡು ಬಿಚ್ಚಿ, ಸಂದಿಸಂದಿಯ ಮರಳನ್ನು ಕೆರೆದು, ತೊಳೆದು, ಎಣ್ಣೆಬಟ್ಟೆಯಲ್ಲಿ ಒರೆಸಿ ಇಟ್ಟವನು. ಆ ಮನೆಯೊಳಗೆ ಮರಳು ಎಂದರೆ ಕೊಳೆ. ನನ್ನ ಕೆಂಪು ದಾರದ ಮೂರು ಸರಳನ್ನೂ ಅವನು ಹಾಗೇ ಕೆರೆದಿದ್ದ, ತೊಳೆದಿದ್ದ, ಕೊನೆಗೆ ಎಣ್ಣೆಯಲ್ಲಿ ಒರೆಸಿದ್ದ. ಮರಳಿನವು ನುಣುಪಿನದಕ್ಕಿಂತ ಬೇಗ ಜಾರಿದ್ದು ಏಕೆಂದು ಆಗ ತಿಳಿಯಿತು. ಮರಳು ಹಚ್ಚಿದ ಸರಳನ್ನು ಅದುವರೆಗೆ ನೋಡಿರದ ಪ್ರದೀಪ ಆ ಗೀರುಗಳನ್ನೇ ಮರಳಿನ ಒರಟು ಎಂದುಕೊಂಡು ದಾರದ ಬಣ್ಣವನ್ನು ನಂಬಿದ್ದ.

ಅಪ್ಪ ಕಾಫಿ ಒಣಗಿಸುವ ಕಣದಿಂದ ಬಂದ. ಕೈಯಲ್ಲಿದ್ದ ಸರಳು ತೋರಿಸಿ ನಾನು ಕೇಳಿದ್ದು ಒಂದೇ ಮಾತು: "ನಿಂಗೆ ಗೊತ್ತಿಲ್ದೇ ಇರೋದಕ್ಕೆ ಯಾಕೆ ಕೈ ಹಾಕ್ದೆ?" ದನಿ ಎತ್ತಿರಲಿಲ್ಲ. ಎತ್ತಿದ್ದರೆ ಜಗಳವಾಗಿ ಮುಗಿಯುತ್ತಿತ್ತೋ ಏನೋ. ಅಪ್ಪ ಸರಳನ್ನು ನೋಡಿದ, ತನ್ನ ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡ, ಒಳಗೆ ಹೋದ. ಆವತ್ತಿನಿಂದ ನನ್ನ ಪುಸ್ತಕ ಚಾಪೆಯ ಮೇಲಿದ್ದರೆ ಅವನು ಚಾಪೆಯ ಮೇಲೆ ಕೂರುತ್ತಿರಲಿಲ್ಲ, ನೆಲದ ಮೇಲೆ ಕೂರುತ್ತಿದ್ದ.

ಸರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿ ಇನ್ನೊಂದು ಅವಕಾಶ ಕೇಳಿದೆ. ಅದೇ ಸರಳುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಮತ್ತೆ ಮರಳು ಅಂಟಿಸುತ್ತೇನೆ ಎಂದೆ. ದಿನ ಎಣಿಸಿದರೆ ಪರೀಕ್ಷೆಗೆ ಮುಂಚೆ ಇಪ್ಪತ್ತೆಂಟು ದಿನ ಹೇಗೋ ಸಿಗುತ್ತಿತ್ತು. ಅವರು ಒಪ್ಪಿದರು.

ಮತ್ತೆ ಹಳ್ಳದ ಮರಳು ತಂದು ಕಣದ ಮೂಲೆಯಲ್ಲಿ ಹರವಿದೆ. ಅಪ್ಪ ಪಾರ್ಚ್‌ಮೆಂಟ್ ಒಣಗಿಸುತ್ತಿದ್ದ. ಅಂದರೆ ಸುಲಿದು ತೊಳೆದ ಕಾಫಿ ಬೀಜ. ಬೀಜ ಒಣಗಿತೋ ಇಲ್ಲವೋ ಎಂದು ಹಲ್ಲಿನಲ್ಲಿ ಕಚ್ಚಿ, ಕೈಯಲ್ಲಿ ಹಿಚುಕಿ ಹೇಳುವವರಲ್ಲಿ ನಮ್ಮ ಕಡೆ ಅವನನ್ನು ಮೀರಿಸಿದವರಿರಲಿಲ್ಲ. ಮಧ್ಯಾಹ್ನ ನಾನು ಮರಳು ಬಳಿದು ಡಬ್ಬಿಗೆ ತುಂಬುತ್ತಿರುವಾಗ ಕುಂಟುತ್ತ ಹತ್ತಿರ ಬಂದು ನಿಂತ. 

"ಸರಳು ನಾನು ಮುಟ್ಟಲ್ಲ," ಎಂದ. "ಮರಳು ಮುಟ್ಬಹುದಾ?"

ನಾನು ಹೂಂ ಎಂದೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿದು ಬಿಟ್ಟ. ಮರಳು ಉದುರಲಿಲ್ಲ, ಒಂದು ಕ್ಷಣ ಮುಷ್ಟಿಯ ಆಕಾರದಲ್ಲೇ ನಿಂತು ಆಮೇಲೆ ಬಿರಿಯಿತು.

"ಇದು ಒಣಗಿಲ್ಲ. ಮೇಲೆ ಒಣಗಿದ ಹಾಗೆ ಕಾಣ್ತದೆ. ಒಳಗೆ ಇಬ್ಬನಿ ಹಾಗೇ ಇದೆ. ಹೋದ ಸಲದ್ದೂ ಹಿಂಗೇ ಇತ್ತು. ಚಾಕು ತಾಗ್ಸಿದ್ರೆ ಸಾಕು, ತೊಗಟೆ ಥರ ಏಳ್ತಿತ್ತು."

 ಅಂಟಿನ ಡಬ್ಬಿಯ ಮೇಲೆಯೇ ಬರೆದಿತ್ತು, ಒದ್ದೆಯ ಮೇಲೆ ಹಿಡಿಯುವುದಿಲ್ಲ ಎಂದು. ಜನವರಿಯ ಬೆಳಗಿನ ಇಬ್ಬನಿಯಲ್ಲಿ ನಾನು ಮರಳನ್ನು ಸರಿಯಾಗಿ ಒಣಗಿಸದೆ ಹಚ್ಚಿದ್ದೆ. ಸರಿಯಾಗಿ ಅಂಟಿದ್ದರೆ ಯಾವ ಚಾಕುವಿಗೂ ಅದು ಏಳುತ್ತಿರಲಿಲ್ಲ, ಅಪ್ಪ ಎರಡು ಸಲ ಕೆರೆದು ನೋಡಿ ಬಿಟ್ಟುಬಿಡುತ್ತಿದ್ದ. ಎಣ್ಣೆ ಅವನದು. ಮರಳು ಎದ್ದದ್ದು ನನ್ನಿಂದ. ಇದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಅಪ್ಪನಿಗೆ ಗೊತ್ತಾಗಲಿಲ್ಲ. ಅವನಿಗೆ ಅಂಟಿನ ವಿಷಯ ಗೊತ್ತಿರಲಿಲ್ಲ. ನಾನು ಹೇಳಬಹುದಿತ್ತು. "ಹಾಗಾದ್ರೆ ಒಣಗಿಸಿ ಕೊಡು" ಎಂದೆ, ಅಷ್ಟೇ ಹೇಳಿದೆ.

ಅವನು ಮೂರು ದಿನ ಒಣಗಿಸಿದ. ಪಾರ್ಚ್‌ಮೆಂಟಿನ ಪಕ್ಕದಲ್ಲೇ ಬೇರೆ ಚಾಪೆ ಹಾಕಿ, ಗಂಟೆಗೊಮ್ಮೆ ಕಾಲಿನಿಂದ ಗೆರೆ ಎಳೆದು ಮಗುಚಿ, ಸಂಜೆ ಇಬ್ಬನಿ ಇಳಿಯುವ ಮೊದಲು ಗೋಣಿಯಲ್ಲಿ ಕಟ್ಟಿ ಒಳಗಿಟ್ಟು, ಬೆಳಿಗ್ಗೆ ಮತ್ತೆ ಹರವಿದ. ರೈಟರು ಆ ಕಡೆ ಬಂದವರು, ಎಂತ ಮಂಜಯ್ಯ, ಈ ವರ್ಷ ಮರಳಿಗೂ ಮಾರ್ಕೆಟ್ಟಿದೆಯಾ ಎಂದು ಕೇಳಿದರಂತೆ. ಮಗಳಿಗೆ ಬೇಕಂತೆ ಎಂದನಂತೆ. ನಾಲ್ಕನೆಯ ದಿನ ನಾನು ಅಂಟು ಸವರಿದೆ. ಅವನು ಕೈ ಹಿಂದೆ ಕಟ್ಟಿಕೊಂಡು ದೂರ ನಿಂತು ನೋಡಿದ. ಈ ಸಲ ಕಾಂಕ್ರೀಟು ಹಾಕುವಾಗ ನಾನೇ ಇದ್ದೆ.

ನೀರಿನಲ್ಲಿಟ್ಟ ಮೂರನೆಯ ವಾರ, ಕಾಫಿ ಗಿಡ ಹೂವರಳಿಸುವ ಹೂಮಳೆ ಬಂತು. ಬಸ್ಸಿನ ಕಿಟಕಿಯಿಂದ ನೋಡಿದರೆ ಗುಡ್ಡಗಳೆಲ್ಲ ಬೆಳ್ಳಗೆ. ಎಲ್ಲರೂ ಅದರ ಪರಿಮಳ ಹೇಳುತ್ತಿದ್ದರು. ನನಗೆ ಆ ವರ್ಷದ ಹೂವಿನ ನೆನಪು ಅಷ್ಟೇ.

ಏಪ್ರಿಲಿನಲ್ಲಿ ಮತ್ತೆ ಎಳೆದೆವು. ನುಣುಪಿನವು ಮೊದಲಿನ ಹಾಗೇ ಜಾರಿದವು. ಮರಳಿನ ಒಂದು ಸರಳು ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಮೊದಲೇ ಬಿಟ್ಟಿತು. ಅಲ್ಲಿ ಅಂಟು ತೆಳುವಾಗಿತ್ತು. ಉಳಿದ ಎರಡು ಬಿಡಲೇ ಇಲ್ಲ. ಮುಳ್ಳು ಏರುತ್ತ ಏರುತ್ತ ಹೋಗಿ, ಕೊನೆಗೆ ಕಾಂಕ್ರೀಟಿನ ಗಟ್ಟಿಯೇ ಕಾಯಿ ಒಡೆದ ಹಾಗೆ ಎರಡು ಹೋಳಾಯಿತು. ಹೋಳಿನಲ್ಲಿ ಮರಳು ಕಚ್ಚಿಕೊಂಡಿದ್ದ ಗುರುತು ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಪ್ರದೀಪ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಬರೆಯುವಾಗ ಸರ್ ಹೇಳಿದರು, ಎರಡನೇ ಸಲದ್ದು ಮಾತ್ರ ಬರಿ, ಮೊದಲನೇದು ನಡೆದೇ ಇಲ್ಲ ಅಂದ್ಕೊ. ನಾನು ಒಪ್ಪಲಿಲ್ಲ. ನಡೆದದ್ದನ್ನು ನಡೆದಿಲ್ಲ ಎಂದು ಬರೆದು ಪಾಸಾಗುವುದು ನನಗೆ ಬೇಡವಾಗಿತ್ತು. ಮರಳು ಕೆರೆದು ಹೋದರೆ ಏನಾಗುತ್ತದೆ ಎಂದು ಮೊದಲ ಸಲ ಎಳೆದ ಆರು ಸರಳು ಹೇಳುತ್ತವಲ್ಲ, ಅದೂ ಗೊತ್ತಾಗಲಿ ಎಂದೆ. ನಾನು ಪ್ರಾಮಾಣಿಕಳು ಎಂದು ನನಗೆ ಆಗ ತುಂಬ ಹೆಮ್ಮೆಯಿತ್ತು. ಆದರೆ ಒದ್ದೆ ಮರಳಿನ ಮಾತು ಆ ವರದಿಯಲ್ಲಿ ಎಲ್ಲಿಯೂ ಇಲ್ಲ. 'ಅಚ್ಚಿಗೆ ಹಾಕುವ ಮೊದಲು ಮರಳಿನ ಪದರ ತೆಗೆಯಲ್ಪಟ್ಟಿತು' ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಇದೆ.

ಮೇ ಕೊನೆಯಲ್ಲಿ ವೈವಾ. ಅಪ್ಪನೂ ಅದೇ ದಿನ ಆಸ್ಪತ್ರೆಗೆ ಬರಬೇಕಿತ್ತು. ಗಾಯ ಕಟ್ಟಿಸಿಕೊಂಡು ಕಾಲೇಜಿಗೆ ಬಂದು, ಸಂಜೆಯ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಸೆಖೆಗೆ ಬಾಗಿಲು ತೆರೆದಿತ್ತು. ಒಳಗೆ ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು, ನಮ್ಮ ಸರ್, ಇನ್ನಿಬ್ಬರು ಮೇಷ್ಟರು. ಪರೀಕ್ಷಕರು ಆ ವಾಕ್ಯಕ್ಕೇ ಬಂದು ನಿಂತರು. ತೆಗೆಯಲ್ಪಟ್ಟಿತು ಅಂದ್ರೆ ಯಾರು ತೆಗೆದದ್ದಮ್ಮ ಎಂದು ಕೇಳಿದರು.

"ನಮ್ಮಪ್ಪ ಸರ್," ಎಂದೆ. "ಎಸ್ಟೇಟಿನಲ್ಲಿ ಪಲ್ಪರ್ ಕೆಲಸ ಮಾಡ್ತಾರೆ. ಕೊಳೆ ಅಂತ ಕೆರೆದು, ಎಣ್ಣೆ ಒರೆಸಿ ಕೊಟ್ಟಿದ್ರು."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇನ್ಮುಂದೆ ಅಪ್ಪನ ಕೈಗೆ ಸಿಗೋ ಹಾಗೆ ಏನೂ ಇಡ್ಬೇಡಮ್ಮ ಎಂದರು. ಮತ್ತೆ ನಕ್ಕರು. ಆಗ ನಾನೂ ನಕ್ಕೆ. ಜೋರಾಗಿಯೇ ನಕ್ಕೆ. ಗೆದ್ದೆ ಎಂದು ಗೊತ್ತಾದವರ ನಗು ಅದು. ಮರಳು ಒದ್ದೆಯಿತ್ತೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೊರಗೆ ಬಂದರೆ ಅಪ್ಪ ಬಾಗಿಲಿಗೆ ಅಂಟಿಕೊಂಡಂತಿದ್ದ ಬೆಂಚಿನ ತುದಿಯಲ್ಲಿ, ಹೊಸ ಬ್ಯಾಂಡೇಜಿನ ಕಾಲನ್ನು ಮುಂದೆ ಚಾಚಿಕೊಂಡು ಕೂತಿದ್ದ. "ಆಯ್ತಾ?" ಎಂದ. ಆಯ್ತು ಎಂದೆ. ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಸಿಕ್ಕಿತು. ಇಡೀ ದಾರಿ ಹೊರಗೆ ನೋಡುತ್ತಿದ್ದ. ಒಳಗಿನ ಮಾತು ಕೇಳಿಸಿತೋ ಇಲ್ಲವೋ ಎಂದು ನಾನು ಅವನ ಕಿವಿಯ ಕಡೆ ನೋಡುತ್ತಿದ್ದೆ.  ಮನೆಯಲ್ಲಿ ಅಮ್ಮ ಕೇಳಿದ್ದಕ್ಕೆ, ಚೆನ್ನಾಗಾಯ್ತಂತೆ, ಒಳಗೆ ಎಲ್ರೂ ನಗ್ತಿದ್ರು ಎಂದ. ಅಷ್ಟೇ ಹೇಳಿದ.

ನಾನು ಪಾಸಾದೆ. ಕೆಲಸವೂ ಸಿಕ್ಕಿತು. ದೀಪಾವಳಿ ಕಳೆದ ಮೇಲೆ ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ಕಾಗದ ಬಂತು. ಅಪ್ಪನೂ ಬಂದ. ಬಿಳಿ ಅಂಗಿ ಹಾಕಿಕೊಂಡಿದ್ದ. ಆಫೀಸಿನ ಕಿಟಕಿಯ ಒಳಗಿನಿಂದ ಗುಮಾಸ್ತರು ಸಹಿ ಮಾಡಿಸಿಕೊಂಡು ಹಾಳೆ ಕೊಟ್ಟರು. ನಾನು ಅದನ್ನು ಓದಲೂ ಇಲ್ಲ. ತಿರುಗಿ ಅಪ್ಪನ ಕೈಗೆ ಕೊಟ್ಟೆ.

ಅವನು ಎರಡೂ ಅಂಗೈ ಚಾಚಿ ಅದರ ಮೇಲೆ ಇಡಿಸಿಕೊಂಡ. ಬೆರಳು ಮಡಿಸಲಿಲ್ಲ. ಅಪ್ಪನಿಗೆ ಓದಲು ಬಾರದು. ರೈಟರ ಪುಸ್ತಕದಲ್ಲಿ ಸಹಿ ಮಾಡಲು ಕಲಿತ ತನ್ನ ಹೆಸರೊಂದನ್ನು ಗುರುತಿಸಬಲ್ಲ. ಕನ್ನಡದ ಸಾಲುಗಳ ಮೇಲೆ ಅವನ ಕಣ್ಣು ನಿಧಾನವಾಗಿ ಇಳಿಯುತ್ತ ಬಂದು ತಂದೆಯ ಹೆಸರಿರುವ ಸಾಲಿನಲ್ಲಿ ನಿಂತಿತು. ಅಲ್ಲಿಂದ ಕದಲಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ಕಿಟಕಿಯ ಒಳಗಿದ್ದವರಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಕೇಳಿದ:

"ಇಲ್ಲಿ ನನ್ನ ಹೆಸ್ರಿದೆಯಲ್ಲ ಮಗಾ. ಸರಳು ಕೆಡಿಸಿದ್ದು ನಾನು ಅಂತ ಇದ್ರಲ್ಲೂ ಬರ್ದಿದ್ದಾರಾ?"